ಕ್ಯಾಲಿಫೋರ್ನಿಯಾದಿಂದ ಇಲಿನಾಯ್ ಡಾರ್ಮ್‌ಗೆ: ಮೂವ್-ಇನ್‌ಗೆ ನಾವು ತಯಾರಾದ ಬಗೆ

ಡಾರ್ಮ್‌ಗೆ (ಕಾಲೇಜಿನ ಹಾಸ್ಟೆಲ್ಲಿಗೆ) ಏನೇನು ಬೇಕು ಅಂತ ಯಾರನ್ನು ಕೇಳಿದರೂ ಮೊದಲು ಬರುವುದು ಬೆಡ್‌ಶೀಟು, ಟವೆಲ್ಲು, ಟೇಬಲ್ ಲ್ಯಾಂಪು. ಅವೆಲ್ಲ ಅಲ್ಲೇ ಸಿಗುತ್ತವೆ. ನಮ್ಮ ಮಗಳು ಸೇರಿದ ಯೂನಿವರ್ಸಿಟಿ ಆಫ್ ಇಲಿನಾಯ್ ಅರ್ಬಾನಾ–ಶಾಂಪೇನ್ ಕ್ಯಾಂಪಸ್ಸಿಗೆ ಅಂಟಿಕೊಂಡ ಗ್ರೀನ್ ಸ್ಟ್ರೀಟ್‌ನಲ್ಲೇ ಒಂದು ಟಾರ್ಗೆಟ್ ಅಂಗಡಿ ಇದೆ. ಕಾರಿದ್ದರೆ ಊರಿನ ಉತ್ತರಕ್ಕೆ ಪ್ರಾಸ್ಪೆಕ್ಟ್ ಅವೆನ್ಯೂ ಉದ್ದಕ್ಕೂ ದೊಡ್ಡ ಅಂಗಡಿಗಳು. ಅಲ್ಲಿ ದುಡ್ಡು ಕೊಟ್ಟರೂ ಸಿಗದವು ಮೂರು: ಲಸಿಕೆಯ ದಾಖಲೆ, ಗುರುತಿನ ಅಸಲು ಕಾಗದಗಳು, ಹದಿನೆಂಟು ತುಂಬಿದ ಮಗಳು ತಾನೇ ಸಹಿ ಹಾಕಿಕೊಡಬೇಕಾದ ಒಪ್ಪಿಗೆ ಪತ್ರಗಳು. ಅದಕ್ಕೇ ನಾವು ಮೇ–ಜೂನ್ ತಿಂಗಳನ್ನು ಪೂರ್ತಿ ಕಾಗದಕ್ಕೆ ಇಟ್ಟೆವು. ಸಾಮಾನಿನ ಮಾತು ಶುರುವಾದದ್ದು ಜುಲೈನಲ್ಲಿ.

ಲಸಿಕೆಯಿಂದಲೇ ಶುರು ಮಾಡಿ, ಏಕೆಂದರೆ ಅದಕ್ಕೆ ದಿನಗಳು ಬೇಕು. ಇಲಿನಾಯ್ ರಾಜ್ಯದ ನಿಯಮದ ಪ್ರಕಾರ ದಡಾರ, ಮಂಗನಬಾವು, ರುಬೆಲ್ಲಾಗೆ ತಲಾ 2 ಡೋಸ್. ಟಿಟನಸ್–ಡಿಫ್ತೀರಿಯಾ 3 ಡೋಸ್, ಅದರಲ್ಲೊಂದು ಟಿಡ್ಯಾಪ್ (ನಾಯಿಕೆಮ್ಮಿನದೂ ಸೇರಿದ ಲಸಿಕೆ) ಆಗಿರಬೇಕು, ಕೊನೆಯದು 10 ವರ್ಷದೊಳಗಿನದಾಗಿರಬೇಕು. 22 ವರ್ಷದೊಳಗಿನವರಿಗೆ 16 ತುಂಬಿದ ಮೇಲೆ ಹಾಕಿಸಿದ ಮೆನಿಂಜೈಟಿಸ್ ಲಸಿಕೆ ಒಂದು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಇದು ಡಾಕ್ಟರ ಆಫೀಸಿನಿಂದ ಒಂದು ಪ್ರಿಂಟು ತೆಗೆಸುವ ಕೆಲಸ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹುಟ್ಟಿ ಆಮೇಲೆ ಬಂದ ಮಕ್ಕಳಿಗೆ ಹಾಗಲ್ಲ. ನಮ್ಮಲ್ಲಿ ದಡಾರದ ಮೊದಲ ಚುಚ್ಚುಮದ್ದು 9 ತಿಂಗಳಿಗೇ ಹಾಕುತ್ತಾರೆ. ಅಮೆರಿಕದಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಹಾಕಿದ್ದು ಲೆಕ್ಕಕ್ಕೆ ಬರುವುದಿಲ್ಲ. ಕಾರ್ಡಿನಲ್ಲಿ ಎರಡು ಡೋಸ್ ಕಂಡರೂ ಇವರ ಲೆಕ್ಕದಲ್ಲಿ ಒಂದೇ ಆಗುತ್ತದೆ. ಇನ್ನೊಂದು ಹಾಕಿಸಬೇಕು, ಇಲ್ಲವೇ ರಕ್ತದಲ್ಲಿ ಪ್ರತಿಕಾಯ ಇದೆಯೆಂಬ ಲ್ಯಾಬ್ ವರದಿ ಕೊಡಬೇಕು. ಎರಡೂ ಡೋಸ್ ಹೊಸದಾಗಿ ಹಾಕಿಸುವ ಹಾಗಿದ್ದರೆ ನಡುವೆ ಕನಿಷ್ಠ 28 ದಿನದ ಅಂತರ ಬೇಕು. ಆಗಸ್ಟಿನಲ್ಲಿ ಎಚ್ಚೆತ್ತರೆ ಆಗುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ. ಕ್ಷಯದ ಪರೀಕ್ಷೆ ಕೇಳಿದರೆ ಚರ್ಮದ ಪರೀಕ್ಷೆ ಬೇಡ, ಐಜಿಆರ್‌ಎ ಎಂಬ ರಕ್ತಪರೀಕ್ಷೆ ಮಾಡಿ ಅಂತ ಹೇಳಿ. ಚಿಕ್ಕ ಮಗುವಾಗಿದ್ದಾಗ ಹಾಕಿಸಿದ ಬಿಸಿಜಿಯಿಂದ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ಬರಬಹುದು; ಆಮೇಲೆ ಎಕ್ಸ್‌-ರೇ, ಮತ್ತೆ ಡಾಕ್ಟರು. ಲಸಿಕೆಯ ದಾಖಲೆ ಪೂರ್ತಿಯಾಗದಿದ್ದರೆ ಮುಂದಿನ ಸೆಮಿಸ್ಟರ್‌ನ ಕೋರ್ಸ್ ನೋಂದಣಿಗೆ ತಡೆ ಬೀಳುತ್ತದೆ. ತಡೆ ತೆಗೆಸುವಷ್ಟರಲ್ಲಿ ಬೇಕಾದ ಕ್ಲಾಸು ತುಂಬಿಹೋಗಿರುತ್ತದೆ.

ಇನ್ನು ಸಹಿಗಳು. ಮಕ್ಕಳು ಕಾಲೇಜು ಸೇರಿದ ಕೂಡಲೇ 1974ರ ಫರ್ಪಾ ಕಾಯ್ದೆಯ ಪ್ರಕಾರ ಅಂಕ, ಹಾಜರಿ, ಫೀಸಿನ ಬಿಲ್ಲು ಎಲ್ಲವೂ ಅವರ ಖಾಸಗಿ ದಾಖಲೆ. ಫೀಸು ಕಟ್ಟುವವರು ನಾವೇ ಆದರೂ ಬಿಲ್ಲು ನೋಡಬೇಕಾದರೆ ಮಗಳು ತನ್ನ ಖಾತೆಗೆ ಹೋಗಿ ನಮ್ಮನ್ನು ಆಥರೈಸ್ಡ್ ಪೇಯರ್ ಅಂತ ಸೇರಿಸಬೇಕು. ಹದಿನೆಂಟು ತುಂಬಿದ ಮೇಲೆ ವೈದ್ಯಕೀಯ ವಿಷಯಕ್ಕೂ ಇದೇ ಕಟ್ಟು. ಎರಡು ಸಾವಿರ ಮೈಲಿ ಆಚೆ ಮಗು ಆಸ್ಪತ್ರೆ ಸೇರಿದಾಗ ಫೋನಿನಲ್ಲಿ ಅಪ್ಪ–ಅಮ್ಮ ಅಂದರೆ ಸಾಲದು. ನಾವು ಮೂರು ಪತ್ರ ಮಾಡಿಸಿದೆವು: ವೈದ್ಯಕೀಯ ಮಾಹಿತಿ ಕೊಡಬಹುದೆಂಬ ಹಿಪಾ ಒಪ್ಪಿಗೆ, ಅವಳಿಗೆ ಪ್ರಜ್ಞೆ ಇಲ್ಲದಿದ್ದಾಗ ಚಿಕಿತ್ಸೆಯ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಪತ್ರ, ಬ್ಯಾಂಕು–ಬಾಡಿಗೆ ವ್ಯವಹಾರಕ್ಕೆ ಸಾಮಾನ್ಯ ಅಧಿಕಾರ ಪತ್ರ. ವೈದ್ಯಕೀಯ ಅಧಿಕಾರ ಪತ್ರಕ್ಕೆ ಕ್ಯಾಲಿಫೋರ್ನಿಯಾ, ಇಲಿನಾಯ್ ಎರಡೂ ರಾಜ್ಯದ ಫಾರ್ಮು ತುಂಬಿಸಿಟ್ಟೆವು. ಅಲ್ಲಿನ ಆಸ್ಪತ್ರೆಯವರಿಗೆ ತಮ್ಮ ರಾಜ್ಯದ ಕಾಗದ ನೋಡಿದರೆ ಅನುಮಾನ ಕಡಿಮೆ. ಮೂರರ ಸ್ಕ್ಯಾನೂ ಮೂವರ ಫೋನಿನಲ್ಲೂ ಇದೆ. ಕ್ಯಾಂಪಸ್ಸಿನ ಮೆಕಿನ್ಲಿ ಹೆಲ್ತ್ ಸೆಂಟರಿನಂಥ ಕಡೆ ಅವರದೇ ಒಪ್ಪಿಗೆ ಫಾರ್ಮು ಇದ್ದರೆ ಅದನ್ನೂ ಬೇರೆಯಾಗಿ ತುಂಬಿಸಿ.

ವಿಮೆಯ ಬಗ್ಗೆ ಒಂದು ಎಚ್ಚರಿಕೆ. ಸ್ಟೂಡೆಂಟ್ ಇನ್ಶೂರೆನ್ಸ್ ಫೀಸು ತಾನಾಗಿಯೇ ಬಿಲ್ಲಿಗೆ ಬಂದಿರುತ್ತದೆ. ಮನೆಯ ವಿಮೆ ಇದೆ ಅಂತ ತೋರಿಸಿ ಗಡುವಿನೊಳಗೆ ಅದನ್ನು ಬಿಡಿಸಿಕೊಳ್ಳಬಹುದು, ದುಡ್ಡೂ ಉಳಿಯುತ್ತದೆ. ಆದರೆ ಮನೆಯದು ಎಚ್‌ಎಂಓ ಪ್ಲಾನ್ (ತನ್ನ ಜಾಲದ ವೈದ್ಯರಲ್ಲಿ ಮಾತ್ರ ನಡೆಯುವ ವಿಮೆ) ಆಗಿದ್ದರೆ ಅವಸರ ಬೇಡ. ಹೊರರಾಜ್ಯದಲ್ಲಿ ಅದು ಸಾಮಾನ್ಯವಾಗಿ ತುರ್ತು ಚಿಕಿತ್ಸೆಗಷ್ಟೇ ಆಗುತ್ತದೆ. ಕಾಲು ಉಳುಕಿದ ಮೇಲೆ ಆರು ವಾರದ ಫಿಸಿಯೋಥೆರಪಿಗೆ ಆಗುವುದಿಲ್ಲ. ವಿಮೆ ಕಂಪನಿಗೆ ಫೋನ್ ಮಾಡಿ ಕ್ಯಾಂಪಸ್ಸಿನ ಜಿಪ್ ಕೋಡ್ ಹೇಳಿ, ಅಲ್ಲಿ ನೆಟ್‌ವರ್ಕಿನ ಡಾಕ್ಟರ ಹೆಸರು ಕೇಳಿ. ಒಬ್ಬರ ಹೆಸರೂ ಸಿಗದಿದ್ದರೆ ಯೂನಿವರ್ಸಿಟಿಯದೇ ಇಟ್ಟುಕೊಳ್ಳಿ. ಮಗು ಮನೆಯಲ್ಲಿದ್ದಾಗ ವಿಡಿಯೋದಲ್ಲಿ ಮನೋವೈದ್ಯರನ್ನೋ ಕೌನ್ಸೆಲರನ್ನೋ ನೋಡುತ್ತಿದ್ದರೆ ಇನ್ನೂ ಒಂದು ತೊಡಕಿದೆ. ಸಾಮಾನ್ಯವಾಗಿ ರೋಗಿ ಕೂತಿರುವ ರಾಜ್ಯದ ಲೈಸೆನ್ಸು ವೈದ್ಯರಿಗೆ ಬೇಕು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಕೌನ್ಸೆಲರ್ ಅರ್ಬಾನಾದಲ್ಲಿ ಕೂತ ಮಗುವಿಗೆ ಸಲಹೆ ಮುಂದುವರಿಸಲು ಆಗದಿರಬಹುದು. ಎಡಿಎಚ್‌ಡಿ ಮಾತ್ರೆಗಳಲ್ಲಿ ಹೆಚ್ಚಿನವಕ್ಕೆ ರೀಫಿಲ್ ಇರುವುದಿಲ್ಲ, ಪ್ರತಿ ಸಲ ಹೊಸ ಚೀಟಿ ಬೇಕು. ಅಲ್ಲಿ ಬರೆದುಕೊಡುವ ಡಾಕ್ಟರನ್ನು ಜುಲೈನಲ್ಲೇ ಗೊತ್ತುಮಾಡಿಕೊಳ್ಳಬೇಕು.

ಅಸಲು ಕಾಗದಗಳಲ್ಲಿ ಯಾವುದು ಮನೆಯಲ್ಲಿ, ಯಾವುದು ಮಗುವಿನ ಕೈಯಲ್ಲಿ? ಕ್ಯಾಂಪಸ್ಸಿನಲ್ಲಿ ಲೈಬ್ರರಿ, ಡೈನಿಂಗ್ ಹಾಲ್, ಲ್ಯಾಬ್ ಎಲ್ಲೇ ಕೆಲಸಕ್ಕೆ ಸೇರಿದರೂ ಕೆಲಸ ಮಾಡುವ ಹಕ್ಕಿದೆ ಅಂತ ತೋರಿಸುವ ಐ-9 ಫಾರ್ಮಿಗೆ ಅಸಲು ತೋರಿಸಬೇಕು, ಜೆರಾಕ್ಸ್ ನಡೆಯುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಅಥವಾ ಗ್ರೀನ್ ಕಾರ್ಡ್ ಒಂದೇ ಸಾಕು. ಅದಿಲ್ಲದಿದ್ದರೆ ಡ್ರೈವಿಂಗ್ ಲೈಸೆನ್ಸಿನ ಜೊತೆ ಸೋಷಿಯಲ್ ಸೆಕ್ಯುರಿಟಿ ಕಾರ್ಡು ಬೇಕು. ಇದಕ್ಕೆ ಗಡುವು ಕೆಲಸ ಶುರುವಾದ ಮೇಲೆ ಮೂರೇ ಕೆಲಸದ ದಿನ. ಸೆಪ್ಟೆಂಬರಿನಲ್ಲಿ ಪಾಸ್‌ಪೋರ್ಟನ್ನು ಪೋಸ್ಟಿನಲ್ಲಿ ಕಳಿಸುವ ಬದಲು ಒಂದು ಸಣ್ಣ ಬೀಗದ ಪೆಟ್ಟಿಗೆ ಕೊಟ್ಟು ಜೊತೆಗೇ ಕಳಿಸಿದೆವು. ಎಚ್-4ನಲ್ಲಿರುವ (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಅವಲಂಬಿತರಾಗಿರುವ) ಮಕ್ಕಳ ಮಾತೇ ಬೇರೆ: ಕ್ಯಾಂಪಸ್ ಕೆಲಸ ಮಾಡುವಂತಿಲ್ಲ, 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಅದು ಸಾಮಾನ್ಯವಾಗಿ ಮೂರನೇ ಅಥವಾ ನಾಲ್ಕನೇ ವರ್ಷದ ನಡುವೆ ಬಂದು ಕೂರುತ್ತದೆ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿಕೊಳ್ಳುವ ಮಾತನ್ನು ಮೊದಲ ವರ್ಷದಲ್ಲೇ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಎತ್ತಬೇಕು.

529 ಎಂಬ ಓದಿನ ಉಳಿತಾಯ ಖಾತೆಯಿಂದ ಹಣ ತೆಗೆಯುವವರು ಫೀಸು ಕಟ್ಟಿದ ಕ್ಯಾಲೆಂಡರ್ ವರ್ಷದಲ್ಲೇ ತೆಗೆಯಬೇಕು. ಟ್ಯೂಷನ್, ಡಾರ್ಮಿನ ಬಾಡಿಗೆ, ಊಟದ ಪ್ಲಾನ್, ಲ್ಯಾಪ್‌ಟಾಪ್ ನಡೆಯುತ್ತವೆ; ವಿಮಾನದ ಟಿಕೆಟು, ಹಾಸಿಗೆ ಹೊದಿಕೆ ನಡೆಯುವುದಿಲ್ಲ.

ಈಗ ಕೋಣೆ. ಈ ಯೂನಿವರ್ಸಿಟಿಯಲ್ಲಿ ಮೊದಲ ವರ್ಷದವರು ಯೂನಿವರ್ಸಿಟಿಯ ಹಾಲ್‌ನಲ್ಲೋ (ಅಂದರೆ ಹಾಸ್ಟೆಲ್ ಕಟ್ಟಡದಲ್ಲೋ) ಅವರು ಒಪ್ಪಿದ ಖಾಸಗಿ ಹಾಲ್‌ನಲ್ಲೋ ಇರಲೇಬೇಕು. ಹಾಸಿಗೆ ಟ್ವಿನ್ ಎಕ್ಸ್‌ಎಲ್, ಅಂದರೆ 80 ಇಂಚು ಉದ್ದ. ಮನೆಯಲ್ಲಿರುವ ಸಾಮಾನ್ಯ ಟ್ವಿನ್ ಶೀಟು 75 ಇಂಚು. ಆ ಐದು ಇಂಚಿಗೇ ರಾತ್ರಿಯೆಲ್ಲ ಮೂಲೆ ಕಿತ್ತುಕೊಂಡು ಬರುತ್ತದೆ. ಎರಡು ಜೊತೆ ಶೀಟು, ಜಿಪ್ ಇರುವ ಒಂದು ಮ್ಯಾಟ್ರೆಸ್ ಕವರ್ ಸಾಕು. ಮಂಚದ ಕೆಳಗಿಡುವ ಡಬ್ಬಿಗಳನ್ನು ಮಾತ್ರ ಮೊದಲೇ ಕೊಳ್ಳಬೇಡಿ. ಮಂಚದ ಎತ್ತರ ಬದಲಾಯಿಸಬಹುದು. ರೂಮ್‌ಮೇಟ್ ಜೊತೆ ಅದನ್ನು ತೀರ್ಮಾನಿಸಿ, ಟೇಪು ಹಿಡಿದು ಅಳೆದ ಮೇಲೆ ತಂದರೆ ಸರಿ. ಫ್ರಿಜ್ಜು, ಮೈಕ್ರೋವೇವ್ ಯಾರು ತರುವುದು ಅಂತ ರೂಮ್‌ಮೇಟ್ ಜೊತೆ ಜುಲೈನಲ್ಲೇ ಮಾತಾಗಲಿ.

ವಿದ್ಯುತ್ತಿನ ಲೆಕ್ಕ ಎಲ್ಲರೂ ಮಾಡಲೇಬೇಕಾದದ್ದು. 120 ವೋಲ್ಟಿನಲ್ಲಿ 15 ಆಂಪಿನ ಸರ್ಕಿಟ್ ಎಂದರೆ ಒಟ್ಟು 1,800 ವ್ಯಾಟ್. ಎಲೆಕ್ಟ್ರಿಕ್ ಕೆಟಲ್ ಒಂದೇ 1,500. ಹೇರ್ ಡ್ರೈಯರ್ ಪೂರ್ತಿ ಜೋರಿನಲ್ಲಿ 1,875. 700 ವ್ಯಾಟ್ ಅಂತ ಬರೆದಿರುವ ಮೈಕ್ರೋವೇವ್ ಗೋಡೆಯಿಂದ ಎಳೆಯುವುದು 1,000ಕ್ಕೂ ಹೆಚ್ಚು, ಏಕೆಂದರೆ ಆ 700 ಊಟಕ್ಕೆ ತಲುಪುವ ಶಕ್ತಿ ಮಾತ್ರ. ಇವುಗಳಲ್ಲಿ ಎರಡು ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಪಕ್ಕದ ಕೋಣೆಯೂ ಅದೇ ಸರ್ಕಿಟ್‌ನಲ್ಲಿದ್ದರೆ ಅವರದೂ ಹೋಗುತ್ತದೆ. ಸಾದಾ ಎಕ್ಸ್‌ಟೆನ್ಷನ್ ವೈರು ಬೇಡ, ಯುಎಲ್ ಎಂಬ ಸುರಕ್ಷತಾ ಮುದ್ರೆಯ ಸರ್ಜ್ ಪ್ರೊಟೆಕ್ಟರ್ ತನ್ನಿ. ಒಂದಕ್ಕೆ ಇನ್ನೊಂದನ್ನು ಸಿಕ್ಕಿಸಬಾರದು. ಊರಿನಿಂದ ತಂದ 230 ವೋಲ್ಟಿನ ಕೆಟಲ್ ಇಲ್ಲಿ ನಾಲ್ಕನೇ ಒಂದು ಭಾಗದಷ್ಟೇ ಬಿಸಿ ಕೊಡುತ್ತದೆ. ನೀರಿಗೆ ಮುಳುಗಿಸುವ ಕಾಯಿಲ್, ರೈಸ್ ಕುಕ್ಕರ್, ಇನ್‌ಸ್ಟಂಟ್ ಪಾಟ್, ಮೇಣದಬತ್ತಿ ಸಾಮಾನ್ಯವಾಗಿ ಡಾರ್ಮಿನ ನಿಷೇಧದ ಪಟ್ಟಿಯಲ್ಲಿರುತ್ತವೆ. ಊದುಬತ್ತಿಯೂ ಅಷ್ಟೇ: ಹೊಗೆ ಕಂಡು ಅಲಾರಂ ಹೊಡೆದರೆ ಇಡೀ ಕಟ್ಟಡ ಖಾಲಿ ಮಾಡಿಸುತ್ತಾರೆ. ದೇವರ ಚಿಕ್ಕ ಪಟಕ್ಕೆ ಬ್ಯಾಟರಿ ದೀಪ ಕೊಟ್ಟಿದ್ದೇವೆ.

ಹಳೆಯ ಹಾಲ್‌ಗಳಲ್ಲಿ ಕೆಲವಕ್ಕೆ ಎಸಿ ಇಲ್ಲ. ಆಗಸ್ಟ್ ಕೊನೆಯಲ್ಲಿ ಶಾಂಪೇನ್ ಮಂಗಳೂರಿನ ಮೇ ತಿಂಗಳಿನ ಹಾಗೆ ಬೆವರಿಳಿಸುತ್ತದೆ. ಫ್ಯಾನು ಎರಡಿರಲಿ. ರಾತ್ರಿ ಒಂದನ್ನು ಕಿಟಕಿಯಲ್ಲಿ ಹೊರಮುಖವಾಗಿಟ್ಟು ಬಿಸಿಗಾಳಿ ಹೊರಗೆ ತಳ್ಳಿಸಿ, ಇನ್ನೊಂದು ಮಂಚದ ಕಡೆಗೆ.

ಸಾಗಿಸುವ ವಿಷಯ. ಶಿಕಾಗೋದ ಓಹೇರ್ ವಿಮಾನನಿಲ್ದಾಣದಲ್ಲಿ ಇಳಿದು ಕಾರು ಬಾಡಿಗೆಗೆ ತೆಗೆದುಕೊಂಡು ಐ-57 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಎರಡೂವರೆ ಗಂಟೆ. ಇಂಡಿಯಾನಾಪೊಲಿಸ್‌ನಿಂದ ಎರಡು ಗಂಟೆ, ಆದರೆ ಆ ಊರು ಈಸ್ಟರ್ನ್ ಸಮಯ, ಶಾಂಪೇನ್ ಸೆಂಟ್ರಲ್. ವಾಪಸು ವಿಮಾನ ಅಲ್ಲಿಂದಾದರೆ ಒಂದು ಗಂಟೆ ಕಳೆದುಹೋಗುತ್ತದೆ, ಲೆಕ್ಕದಲ್ಲಿರಲಿ. ಮೂವ್-ಇನ್, ಅಂದರೆ ಡಾರ್ಮಿಗೆ ಸೇರಿಕೊಳ್ಳುವ ದಿನ ತಿಳಿದ ಕೂಡಲೇ ಹೋಟೆಲ್ ಮಾಡಿ. ಪ್ರತಿ ಚೆಕ್-ಇನ್ ಬ್ಯಾಗು 50 ಪೌಂಡ್, ಅಂದರೆ 23 ಕಿಲೋ. ಮೂವರ ಬ್ಯಾಗುಗಳಲ್ಲಿ ಬಟ್ಟೆ, ಕಾಗದ, ಔಷಧಿ, ಊಟದ ಪುಡಿಗಳು ಮಾತ್ರ. ಉಳಿದದ್ದನ್ನು ಹೊರಡುವ ಎರಡು ದಿನ ಮುಂಚೆ ಪ್ರಾಸ್ಪೆಕ್ಟ್ ಅವೆನ್ಯೂ ಅಂಗಡಿಗೆ ಪಿಕಪ್ ಆರ್ಡರ್ ಹಾಕಿದೆವು. ಅದಕ್ಕಿಂತ ಮುಂಚೆ ಹಾಕಿದರೆ ಅಂಗಡಿಯವರು ವಾಪಸು ಕಪಾಟಿಗೆ ಇಟ್ಟುಬಿಡುವ ಅಪಾಯವಿದೆ. ಅಲ್ಲಿಗೆ ಹೋದ ಮೇಲೆ ಹಾಕೋಣ ಅಂದರೆ ಟ್ವಿನ್ ಎಕ್ಸ್‌ಎಲ್ ಖಾಲಿಯಾಗಿರುತ್ತದೆ.

ಪಾರ್ಸೆಲ್ ಕಳಿಸುವಾಗ ನಮ್ಮವರು ಎಡವುವುದು ಹೆಸರಿನಲ್ಲಿ. ಅಪ್ಪನ ಅಮೆಜಾನ್ ಖಾತೆಯಿಂದ ಆರ್ಡರ್ ಮಾಡಿದರೆ ಡಬ್ಬಿಯ ಮೇಲೆ ಅಪ್ಪನ ಹೆಸರೇ ಬಂದುಬಿಡಬಹುದು. ಮನೆಯಲ್ಲಿ ಕರೆಯುವ ಹೆಸರು, ಇನಿಷಿಯಲ್ ಹಾಕಿದ ಹೆಸರು ಯಾವುದೂ ಮೇಲ್‌ರೂಮಿನ ಪಟ್ಟಿಯಲ್ಲಿರುವುದಿಲ್ಲ. ಐ-ಕಾರ್ಡ್ ಎಂಬ ಅಲ್ಲಿನ ಗುರುತಿನ ಚೀಟಿಯ ಮೇಲಿರುವ ಪೂರ್ತಿ ಹೆಸರು, ಹಾಲ್‌ನ ಹೆಸರು, ಕೋಣೆ ನಂಬರು ಹಾಗೆಹಾಗೇ ಬರೆಯಬೇಕು. ಊರಿನ ಎಂಟಿಡಿ ಬಸ್ಸಿಗೂ ಅದೇ ಕಾರ್ಡು ಸಾಕು.

ಊಟದಲ್ಲಿ ಡೈನಿಂಗ್ ಹಾಲ್ ಇದ್ದೇ ಇದೆ, ಸಸ್ಯಾಹಾರಿಗಳಿಗೂ ಹೊಟ್ಟೆಗೆ ಕಡಿಮೆಯಿಲ್ಲ. ಆದರೂ ಜ್ವರ ಬಂದ ರಾತ್ರಿ ಬೇಕಾಗುವುದು ಬೇರೆ. ನಾವು ಕಳಿಸಿದ ಉಪ್ಪಿಟ್ಟಿನ ಪುಡಿ ಹೀಗೆ: 2 ಕಪ್ ಉಪ್ಪಿಟ್ಟು ರವೆಗೆ 3 ದೊಡ್ಡ ಚಮಚ ಎಣ್ಣೆ. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಇಂಗು, ಕರಿಬೇವು ಒಗ್ಗರಣೆ. ಕರಿಬೇವು ಮುರಿದರೆ ಪಟ್ಟನೆ ಮುರಿಯುವಷ್ಟು ಗರಿಗರಿಯಾಗಬೇಕು. ರವೆ ಹಾಕಿ ಘಮ ಬರುವ ತನಕ ಹುರಿದು ಒಂದೂವರೆ ಚಿಕ್ಕ ಚಮಚ ಉಪ್ಪು. ಹಸಿಮೆಣಸಿನಕಾಯಿ, ಶುಂಠಿ ಹಾಕಬೇಡಿ, ನೀರಿನಂಶಕ್ಕೆ ಬೂಷ್ಟು ಬರುತ್ತದೆ. ಬಿಸಿಯಿರುವಾಗ ಡಬ್ಬಿ ಮುಚ್ಚಿದರೂ ಅದೇ ಗತಿ. ತಿನ್ನುವಾಗ ಅರ್ಧ ಕಪ್ ಪುಡಿಗೆ ಒಂದೂಕಾಲು ಕಪ್ ಬಿಸಿನೀರು. 700 ವ್ಯಾಟಿನ ಮೈಕ್ರೋವೇವ್‌ನಲ್ಲಿ ಒಂದೂವರೆ ನಿಮಿಷ, ಕಲಕಿ ಮತ್ತೆ ಒಂದೂವರೆ ನಿಮಿಷ, ಮುಚ್ಚಿ ಎರಡು ನಿಮಿಷ ಬಿಡಬೇಕು. ಬಟ್ಟಲು ಒಂದು ಲೀಟರು ಹಿಡಿಯುವಂಥದ್ದೇ ಆಗಲಿ, ಚಿಕ್ಕದಾದರೆ ಉಕ್ಕಿ ಪೂರ್ತಿ ತಟ್ಟೆಗೆ ಚೆಲ್ಲುತ್ತದೆ. ಗೊಜ್ಜವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಕಳಿಸಬಹುದು. ತುಪ್ಪ, ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿಗೇ ಹೋಗಬೇಕು, ಕೈಚೀಲದಲ್ಲಿ 100 ಮಿಲಿ ಮೀರುವಂತಿಲ್ಲ. ಪುಡಿ 350 ಮಿಲಿಗಿಂತ ಹೆಚ್ಚಿದ್ದರೂ ಸೆಕ್ಯುರಿಟಿಯಲ್ಲಿ ತೆಗೆಸಿ ನೋಡುತ್ತಾರೆ.

ಮೂವ್-ಇನ್ ದಿನ ಕೊಟ್ಟ ಸಮಯಕ್ಕೇ ಹೋಗಿ. ಸಾಮಾನು ಒಳಗೆ ತರುವ ಮೊದಲು ಖಾಲಿ ಕೋಣೆಯ ಫೋಟೋ ತೆಗೆಯಿರಿ. ಗೋಡೆಯ ಗೀರು, ಮೇಜಿನ ಮೂಲೆ ಮುರಿದದ್ದು, ಕಿಟಕಿಯ ಜಾಲರಿ ಹರಿದದ್ದು ಎಲ್ಲ ಕೋಣೆಯ ಸ್ಥಿತಿಯ ಫಾರ್ಮಿನಲ್ಲಿ ಬರೆಸಿ. ಇಲ್ಲದಿದ್ದರೆ ಮೇ ತಿಂಗಳಲ್ಲಿ ಅದರ ಬಿಲ್ಲು ಮಗುವಿನ ಮೇಲೆ ಬರುತ್ತದೆ. ಆಮೇಲೆ ಒರೆಸುವುದು, ಹಾಸಿಗೆಗೆ ಕವರ್, ಶೀಟು. ಡಬ್ಬಿಗಳು ಹಾಸಿಗೆ ತುಂಬಿದ ಮೇಲೆ ಹೊರಟರೆ ಮಗುವಿಗೆ ಆ ರಾತ್ರಿ ಮಲಗಲು ಜಾಗವಿರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಕ್ಯಾಂಪಸ್ ವೈಫೈ, ಫೋನಿನಲ್ಲಿ ಡ್ಯುಯೋ (ಲಾಗಿನ್ ಆಗುವುದು ನೀವೇ ಅಂತ ಎರಡನೇ ಸಲ ಖಚಿತಪಡಿಸುವ ಆ್ಯಪ್) ಲಾಗಿನ್ ಕೆಲಸ ಮಾಡುತ್ತಿದೆಯಾ ಅಂತ ಅಲ್ಲಿದ್ದಾಗಲೇ ನೋಡಿ. ಫೋನು ಕಳೆದರೆ ಇಡೀ ಖಾತೆಯೇ ಮುಚ್ಚಿಹೋಗದಂತೆ ಎರಡನೇ ಸಾಧನವೊಂದನ್ನು ಸೇರಿಸಿಡಿ.

ಚಳಿಗಾಲದ ಕೋಟನ್ನು ಆಗಸ್ಟಿನಲ್ಲಿ ಒಯ್ಯಲಿಲ್ಲ, ಬ್ಯಾಗಿನ ಅರ್ಧ ಅದೇ ತಿನ್ನುತ್ತದೆ. ಸೆಪ್ಟೆಂಬರ್ ಕೊನೆಗೆ ಮೊಣಕಾಲ ತನಕ ಬರುವ ಕೋಟು, ನೀರಿಳಿಯದ ಬೂಟು, ಎರಡು ಜೊತೆ ಉಣ್ಣೆಯ ಕಾಲುಚೀಲ ಒಂದೇ ಡಬ್ಬಿಯಲ್ಲಿ ಹಾಕಿ, ಐ-ಕಾರ್ಡಿನ ಹೆಸರು ಬರೆದು ಕಳಿಸಿದೆವು. ಥ್ಯಾಂಕ್ಸ್‌ಗಿವಿಂಗ್‌ಗೆ (ನವೆಂಬರಿನ ಹಬ್ಬಕ್ಕೆ) ಆ ಯೂನಿವರ್ಸಿಟಿಯಲ್ಲಿ ಇಡೀ ವಾರ ರಜೆ. ಅದರ ಟಿಕೆಟನ್ನು ಮಾತ್ರ ಮೂವ್-ಇನ್ ಟಿಕೆಟಿನ ಜೊತೆಗೇ ಕೊಂಡಿದ್ದೆವು.