ಆರಿ ಹತ್ತುವ ರೂಟರ್ ಮತ್ತು ಏಪ್ರಿಲ್ 20

ರಾಯಚೂರಿನ ನಮ್ಮ ಮನೆಯಲ್ಲೇ ಕೂತು ನಾನು ಅಕ್ಕಿ ಗಿರಣಿಯವರ, ಹತ್ತಿ ವ್ಯಾಪಾರಿಗಳ ಲೆಕ್ಕ ನೋಡುತ್ತೇನೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರ ಜಿಎಸ್‌ಟಿಆರ್-3ಬಿ, ಅಂದರೆ ಮಾರಾಟ ಮತ್ತು ತೆರಿಗೆಯ ತಿಂಗಳ ಲೆಕ್ಕ, ಮುಂದಿನ ತಿಂಗಳ 20ರೊಳಗೆ ಹೋಗಬೇಕು. ತಡವಾದರೆ ಲೇಟ್ ಫೀ, ಬಡ್ಡಿ ಎರಡೂ ಬೀಳುತ್ತವೆ. ಹೋದ ವರ್ಷ ಏಪ್ರಿಲ್ 20ರ ಸಂಜೆ ಒಬ್ಬ ಗಿರಣಿ ಮಾಲೀಕರಿಗೆ ಫೋನ್ ಹಚ್ಚಿ ರಿಟರ್ನ್ ಕಳಿಸಲು ಬೇಕಾದ ಓಟಿಪಿ ಕೇಳಿದೆ. ಅವರು ಆರು ಅಂಕಿ ಹೇಳಿ ಮುಗಿಸುವಷ್ಟರಲ್ಲಿ ವೈಫೈ ಹೋಯಿತು. ಎರಡು ನಿಮಿಷಕ್ಕೆ ಬಂತು. ಮತ್ತೆ ಓಟಿಪಿ ಕೇಳಿದೆ, ಮತ್ತೆ ಹೋಯಿತು. ಕೊನೆಗೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ರಾತ್ರಿ ಹನ್ನೊಂದರವರೆಗೆ ಕೂತು ಮುಗಿಸಿದೆ. ನನ್ನನ್ನು ನಂಬಿ ಕಾಗದ ಕೊಟ್ಟವರ ಕೆಲಸ ಅದು. ಇದರ ಮೂಲ ಹುಡುಕಲೇಬೇಕು ಅನ್ನಿಸಿತು.

ಇಂಟರ್‌ನೆಟ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ರೂಟರ್ ರೀಸೆಟ್ ಮಾಡಿ ಅಂದರು. ಹಿಂಬದಿಯ ಸಣ್ಣ ತೂತಿಗೆ ಪಿನ್ ಚುಚ್ಚಿ ಹತ್ತು ಸೆಕೆಂಡ್ ಒತ್ತಿದೆ. ಆಮೇಲೆ ಇಂಟರ್‌ನೆಟ್ ಬರಲೇ ಇಲ್ಲ. ಲೈನಿನ ಯೂಸರ್ ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿತ್ತು. ಅವನ್ನು ಮತ್ತೆ ಪಡೆದು ಹಾಕಲು ಒಂದು ದಿನ ಹಿಡಿಯಿತು. ನೀವು ರೀಸೆಟ್ ಮಾಡುವುದಾದರೆ ಮೊದಲು ರೂಟರ್ ಸೆಟ್ಟಿಂಗ್ ಪುಟ ತೆರೆದು ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಇಷ್ಟಾದರೂ ರೋಗ ಹೋಗಲಿಲ್ಲ.

ಆಗ ಕೂತು ಸರಿಯಾಗಿ ಗಮನಿಸಿದೆ. ನೆಟ್ ಹೋಯಿತು ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಅದರೊಳಗೆ ಎರಡು ಬೇರೆ ಬೇರೆ ತೊಂದರೆ ಇರುತ್ತವೆ. ಫೋನಿನಲ್ಲಿ ವೈಫೈ ಹೆಸರು ಕಾಣುತ್ತಿದ್ದು ಪುಟ ಮಾತ್ರ ತೆರೆಯದಿದ್ದರೆ ಅದು ಹೆಚ್ಚಾಗಿ ಲೈನಿನ ಕಡೆಯ ತೊಂದರೆ. ಬೆಳಕಿನ ರೂಪದಲ್ಲಿ ಇಂಟರ್‌ನೆಟ್ ತರುವ ವೈರ್ ಬಂದು ಸೇರುವ ಫೈಬರ್ ಬಾಕ್ಸಿನಲ್ಲಿ ಲಾಸ್ (LOS) ಅನ್ನುವ ಕೆಂಪು ದೀಪ ಹತ್ತಿದ್ದರಂತೂ ವೈರ್ ಎಲ್ಲೋ ಕಡಿದಿದೆ ಅಥವಾ ಬೆಳಕು ಬರುತ್ತಿಲ್ಲ ಅಂತ. ಆದರೆ ವೈಫೈ ಹೆಸರೇ ಮಾಯವಾಗಿ, ರೂಟರಿನ ದೀಪಗಳೆಲ್ಲ ಒಮ್ಮೆ ಆರಿ ಒಂದೊಂದಾಗಿ ಹತ್ತಿದರೆ ರೂಟರ್ ತಾನೇ ಬಿದ್ದು ಏಳುತ್ತಿದೆ. ನಮ್ಮ ಮನೆಯಲ್ಲಿ ಆಗುತ್ತಿದ್ದದ್ದು ಇದು. ಫೈಬರ್ ಬಾಕ್ಸಿನ ಹಸಿರು ದೀಪ ಅಲುಗುತ್ತಲೂ ಇರಲಿಲ್ಲ.

ಇನ್ನೂ ಗಟ್ಟಿ ಸಾಕ್ಷಿ ರೂಟರ್ ಒಳಗೇ ಸಿಕ್ಕಿತು. ಬ್ರೌಸರಿನಲ್ಲಿ ರೂಟರ್ ಸೆಟ್ಟಿಂಗ್ ಪುಟದ ವಿಳಾಸ 192.168.1.1 ಹೊಡೆದು, ರೂಟರ್ ತನಗಾದದ್ದನ್ನೆಲ್ಲ ಬರೆದಿಡುವ ಸಿಸ್ಟಮ್ ಲಾಗ್ ನೋಡಿದೆ. ಅಲ್ಲಿ ನಡುನಡುವೆ 1970ರ ಜನವರಿ 1 ಅಂತ ತಾರೀಖು. ರೂಟರ್ ಒಳಗೆ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದಾಗ ಅದು ಹೊತ್ತನ್ನೇ ಮರೆತು ಆ ಹಳೆಯ ತಾರೀಖಿನಿಂದ ಶುರುಮಾಡುತ್ತದೆ, ಇಂಟರ್‌ನೆಟ್ ಸಿಕ್ಕ ಮೇಲೆ ಮತ್ತೆ ಸರಿ ಮಾಡಿಕೊಳ್ಳುತ್ತದೆ. ಲೈನ್ ಮಾತ್ರ ಹೋಗಿದ್ದರೆ ತಾರೀಖು ಹೀಗೆ ಹಿಂದಕ್ಕೆ ಓಡುತ್ತಿರಲಿಲ್ಲ.

ಒಂದು ವಾರ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಬರೆದೆ, ಯಾವ ಹೊತ್ತಿಗೆ ಆರಿತು ಅಂತ. ಬೆಳಿಗ್ಗೆ ಒಂಬತ್ತರವರೆಗೆ ಒಂದೂ ಇಲ್ಲ. ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಸಾಲುಸಾಲು. ಸಂಜೆ ಕೂಲರ್ ಹಾಕಿದ ಕೂಡಲೇ ಒಂದು.

ನಮ್ಮ ಊರಿನ ಬಿಸಿಲು ಗೊತ್ತಲ್ವಾ? ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಹೊಸದಲ್ಲ. ಮನೆಗೆ ಬಳಸುವ ಬಹಳಷ್ಟು ರೂಟರ್‌ಗಳ ಕಾಗದದಲ್ಲಿ ಸುತ್ತಲಿನ ಬಿಸಿ 0ಯಿಂದ 40 ಡಿಗ್ರಿವರೆಗೆ ಇರಬೇಕು ಅಂತ ಬರೆದಿರುತ್ತದೆ. ನಮ್ಮ ರೂಟರ್ ಶೋಕೇಸಿನ ಮೇಲೆ, ಸೆಟ್ ಟಾಪ್ ಬಾಕ್ಸಿನ ಬೆನ್ನಿಗೆ ಅಂಟಿಕೊಂಡು ಕೂತಿತ್ತು. ಮೇಲೆ ಅವ್ವ ಹೆಣೆದ ಬಟ್ಟೆ. ತೆಗೆಯಲು ಹೋದರೆ ಅವ್ವ, "ಧೂಳು ಕೂಡ್ತದಪ್ಪಾ, ಅದಕ್ಕ ಮುಚ್ಚೀನಿ" ಅಂದಳು. ಬಟ್ಟೆಯನ್ನು ಟಿವಿ ರಿಮೋಟಿನ ಕೆಳಗೆ ಹಾಸಿ, ರೂಟರನ್ನು ಉತ್ತರದ ಗೋಡೆಗೆ ಎರಡು ಮೊಳೆ ಹೊಡೆದು ತೂಗುಹಾಕಿದೆ. ಮಧ್ಯಾಹ್ನ ಆರುವುದು ಅರ್ಧಕ್ಕರ್ಧ ಕಡಿಮೆ ಆಯಿತು. ಆದರೆ ನಿಲ್ಲಲಿಲ್ಲ.

ಇನ್ನು ಉಳಿದದ್ದು ಅಡಾಪ್ಟರ್, ಗೋಡೆಯ ಕರೆಂಟನ್ನು ರೂಟರಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಡಬ್ಬಿ. ಅದರ ಮೇಲೆ 12 ವೋಲ್ಟ್, 1 ಆಂಪಿಯರ್ ಅಂತಿತ್ತು. ಅಂಗಡಿಗೆ ಒಯ್ದೆ. ಹುಡುಗ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿದ, 12.2 ತೋರಿಸಿತು. "ಅಡಾಪ್ಟರ್ ಛಲೋ ಅದರಿ ಸರ, ರೂಟರೇ ಹೋಗಿರಬೇಕು" ಅಂದ. ಹೊಸ ರೂಟರ್ ತೆಗೆದುಕೊಂಡೇ ಬಿಡೋಣ ಅಂತ ನಾನೂ ತಯಾರಾಗಿದ್ದೆ. ಬಹಳ ಜನ ದುಡ್ಡು ಕಳೆದುಕೊಳ್ಳುವುದು ಇದೇ ಜಾಗದಲ್ಲಿ. ಕೆಲಸ ಮಾಡದೆ ಸುಮ್ನೆ ಕೂತ ಅಡಾಪ್ಟರನ್ನು ಅಳೆದರೆ ಅದು ಸರಿಯಾದ ವೋಲ್ಟೇಜನ್ನೇ ತೋರಿಸುತ್ತದೆ. ಖಾಲಿ ಬಂಡಿ ಎಳೆಯುವ ಎತ್ತು ಎಷ್ಟು ಗಟ್ಟಿ ಅಂತ ಹೇಗೆ ಗೊತ್ತಾಗಬೇಕು? ಮೂಟೆ ಹೇರಿಯೇ ನೋಡಬೇಕು.

ರೂಟರ್ ನಡೆಯುತ್ತಿರುವಾಗಲೇ ಅಳೆಯಲು ನಾನು ಸಿಸಿಟಿವಿ ಕ್ಯಾಮೆರಾದವರು ಬಳಸುವ ಡಿಸಿ ಪಿನ್ ತಂದೆ. ಒಂದು ಗಂಡು, ಒಂದು ಹೆಣ್ಣು. ಎರಡಕ್ಕೂ ಸ್ಕ್ರೂ ಇರುತ್ತದೆ. ಅಡಾಪ್ಟರಿನ ತುದಿಯನ್ನು ಹೆಣ್ಣು ಪಿನ್ನಿಗೆ ಸಿಕ್ಕಿಸಿದೆ. ಗಂಡು ಪಿನ್ ರೂಟರಿಗೆ. ನಡುವೆ ಎರಡು ತುಂಡು ವೈರ್, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಮಲ್ಟಿಮೀಟರಿನ ಕಡ್ಡಿಗಳನ್ನು ಆ ಸ್ಕ್ರೂಗಳ ಮೇಲೆ ಒತ್ತಿ ಹಿಡಿದರೆ ಆಯಿತು. ವೈರ್ ಜೋಡಿಸುವುದೆಲ್ಲ ಕರೆಂಟ್ ಕೊಡುವ ಮೊದಲೇ ಮುಗಿಯಲಿ, ಎರಡು ಸ್ಕ್ರೂ ಒಂದಕ್ಕೊಂದು ತಾಗದಿರಲಿ.

ರೂಟರ್ ಸುಮ್ಮನಿದ್ದಾಗ 11.7. ಲ್ಯಾಪ್‌ಟಾಪಿನಲ್ಲಿ ದೊಡ್ಡ ಫೈಲ್ ಇಳಿಸಿ, ಎರಡು ಫೋನಿನಲ್ಲಿ ವಿಡಿಯೋ ಹಚ್ಚಿದೆ. ವೈಫೈ ಜಾಸ್ತಿ ಕೆಲಸ ಮಾಡಿದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತದೆ. ಮೀಟರ್ 10.8ಕ್ಕೆ ಬಂತು. ಆಗ ಮನೆಯವಳಿಗೆ ಕೂಲರ್ ಹಾಕು ಅಂದೆ. ಅಂಕಿ ಸರ್ರನೆ 9ರ ಹತ್ತಿರ ಇಳಿಯಿತು, ದೀಪಗಳೆಲ್ಲ ಆರಿದವು. ಮೀಟರ್ ನಿಧಾನ, ನಿಜವಾದ ಇಳಿತ ಅದಕ್ಕಿಂತಲೂ ಆಳ ಇದ್ದಿರಬೇಕು. ಕೈಯಲ್ಲಿ ಮೀಟರ್ ಹಿಡಿದುಕೊಂಡೇ ನಾನು "ಸಿಕ್ತು!" ಅಂತ ಕೂಗಿದೆ.

ಕೂಲರ್ ಮತ್ತು ಅಡಾಪ್ಟರ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದವು. ಮೋಟರ್ ತಿರುಗಲು ಶುರುವಾಗುವಾಗ ಒಂದು ಕ್ಷಣ ಬಹಳ ಕರೆಂಟ್ ಎಳೆಯುತ್ತದೆ. ಬೋರ್ಡಿನ ಪಟ್ಟಿಗಳು ಸಡಿಲವಾಗಿದ್ದರಿಂದ ವೋಲ್ಟೇಜ್ ಕುಸಿಯುತ್ತಿತ್ತು. ಒಳ್ಳೆಯ ಅಡಾಪ್ಟರ್ ಅಂಥ ಕ್ಷಣವನ್ನು ತನ್ನ ಕೆಪಾಸಿಟರಿನಲ್ಲಿ ಕೂಡಿಟ್ಟ ಕರೆಂಟಿನಿಂದ ದಾಟಿಸುತ್ತದೆ. ನಮ್ಮದಕ್ಕೆ ಆ ಶಕ್ತಿ ಉಳಿದಿರಲಿಲ್ಲ. ಈ ಕೆಪಾಸಿಟರಿನ ಒಳಗೆ ಒಂದು ದ್ರವ ಇರುತ್ತದೆ, ಬಿಸಿಗೆ ಅದು ಒಣಗುತ್ತ ಹೋಗುತ್ತದೆ. 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಸುಮಾರು ಅರ್ಧ ಆಗುತ್ತದೆ ಅಂತ ಎಲೆಕ್ಟ್ರಾನಿಕ್ಸ್‌ನವರ ಲೆಕ್ಕ. ಶೋಕೇಸಿನ ಹಿಂದೆ ಗಾಳಿಯಿಲ್ಲದ ಸಂದಿಯಲ್ಲಿ ಅದು ಐದು ಬೇಸಿಗೆ ಕಳೆದಿತ್ತು.

ಹೊಸದು ತರುವಾಗ ವೋಲ್ಟ್ ಅಷ್ಟೇ ಇರಬೇಕು, 12 ಇದ್ದರೆ 12. ಆಂಪಿಯರ್ ಜಾಸ್ತಿ ಇದ್ದರೆ ಏನೂ ಆಗುವುದಿಲ್ಲ, ಕಡಿಮೆ ಮಾತ್ರ ಇರಬಾರದು. ರೂಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅನ್ನುವ ಸಣ್ಣ ಚಿತ್ರ ಲೇಬಲ್ಲಿನ ಮೇಲೆ ಇರುತ್ತದೆ, ಅದೂ ಹೊಂದಬೇಕು. ಬಿಐಎಸ್ ಅನ್ನುವ ಸರ್ಕಾರಿ ಗುಣಮಟ್ಟದ ಗುರುತು ಇರುವ 12 ವೋಲ್ಟ್, 2 ಆಂಪಿಯರಿನದು ತಂದೆ. ಮೀಟರ್ ಇಲ್ಲದವರು ಇಂಥದೇ ಒಂದು ಅಡಾಪ್ಟರನ್ನು ಯಾರಿಂದಲಾದರೂ ಎರಡು ದಿನ ಕೇಳಿ ತಂದು ಹಾಕಿ ನೋಡಿದರೂ ಉತ್ತರ ಸಿಗುತ್ತದೆ.

ಹಳೆಯದನ್ನು ಪ್ಲಗ್‌ನಿಂದ ಕಿತ್ತು ಒಂದು ದಿನ ಬಿಟ್ಟು ಬಿಚ್ಚಿದೆ. ಕಿತ್ತ ಕೂಡಲೇ ಬಿಚ್ಚಬೇಡಿ. 230 ವೋಲ್ಟಿನ ಕರೆಂಟ್ ಒಳಗೆ ಹೋಗಿ ಸುಮಾರು 325 ವೋಲ್ಟ್ ಡಿಸಿ ಆಗಿ ದೊಡ್ಡ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ. ರೂಟರ್ ಕಡೆಯ ಸಣ್ಣ ಕೆಪಾಸಿಟರಿನ ತಲೆ ಪೂರಿಯ ಹಾಗೆ ಉಬ್ಬಿತ್ತು. ಅದನ್ನು ಅಂಗಡಿಯ ಹುಡುಗನಿಗೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದ. "ಇನ್ನ ಮ್ಯಾಲೆ ಲೋಡ್ ಹಾಕೇ ನೋಡ್ತೀನ್ರಿ ಸರ" ಅಂದ.

ಕೂಲರಿಗೆ ಗೋಡೆಯ ಬೇರೆ ಪಾಯಿಂಟ್ ಕೊಟ್ಟೆ. ಮುಂದಿನ ತಿಂಗಳ 20ಕ್ಕೆ ಸಂಜೆ ಏಳರ ಒಳಗೆ ಎಲ್ಲ ರಿಟರ್ನ್ ಹೋದವು, ಕೂಲರ್ ತಿರುಗುತ್ತಲೇ ಇತ್ತು. ಲಾಗ್ ತೆಗೆದು ನೋಡಿದೆ, ಹೊಸ ಅಡಾಪ್ಟರ್ ಹಾಕಿದ ಮೇಲೆ ರೂಟರ್ ಆರಿರಲಿಲ್ಲ. ಹೊಸ ಅಡಾಪ್ಟರಿನ ಬೆನ್ನಿಗೆ ತಂದ ತಿಂಗಳು, ವರ್ಷ ಬರೆದ ಚೀಟಿ ಅಂಟಿಸಿದ್ದೇನೆ.