ಮಂಡಿಗೆ ಆಪರೇಷನ್ ಬೇಕೇ? ನಿರ್ಧರಿಸುವುದು ಹೀಗೆ

ಎಂಆರ್‌ಐ ವರದಿಯಲ್ಲಿ ‘ಹರಿದಿದೆ’ ಎಂಬ ಮಾತು ಕಂಡರೆ ಸಾಕು, ಆಪರೇಷನ್ ಯಾವಾಗ ಎಂದು ಕೇಳುವವರೇ ಹೆಚ್ಚು. ವರದಿಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಐವತ್ತು ದಾಟಿದ ಅನೇಕರ ಮಂಡಿಯಲ್ಲಿ ಮೆತ್ತೆಯಂತಿರುವ ಮೆನಿಸ್ಕಸ್ ಹರಿದಿರುತ್ತದೆ. ಅವರಲ್ಲಿ ಬಹಳ ಮಂದಿಗೆ ನೋವೇ ಇರುವುದಿಲ್ಲ.

1. ತೊಂದರೆ ಯಾವುದೆಂದು ಗುರುತಿಸಿ

ನಡೆಯುತ್ತಾ ತಿರುಗಿದಾಗ ಮಂಡಿ ಜಾರಿದಂತಾಗಿ ಕುಸಿಯುತ್ತದೆಯೇ? ಮಡಚಿದ ಕಾಲು ನೇರವಾಗದೆ ಸಿಕ್ಕಿಕೊಳ್ಳುತ್ತದೆಯೇ? ಅಥವಾ ಬರೀ ನೋವೇ? ಸ್ಥೂಲವಾಗಿ ಹೇಳುವುದಾದರೆ ಮೊದಲನೆಯದು ಮೂಳೆಗೆ ಮೂಳೆಯನ್ನು ಬಿಗಿದಿಡುವ ಪಟ್ಟಿಯಾದ ಲಿಗಮೆಂಟಿನ ದೂರು, ಎರಡನೆಯದು ಮೆನಿಸ್ಕಸ್‌ನದು, ಮೂರನೆಯದು ಹೆಚ್ಚಾಗಿ ಕೀಲಿನ ಸವೆತದ್ದು. ತೊಡೆಯ ಸ್ನಾಯು ಸೊರಗಿದರೂ ಮಂಡಿ ಕುಸಿಯುವುದುಂಟು. ಆದ್ದರಿಂದ ವೈದ್ಯರು ಮಂಡಿಯನ್ನು ಎಳೆದು, ತಳ್ಳಿ, ತಿರುಗಿಸಿ ನೋಡಲೇಬೇಕು. ಮುಟ್ಟಿಯೂ ನೋಡದೆ ಆಪರೇಷನ್ನಿಗೆ ದಿನ ಗೊತ್ತುಮಾಡಿದರೆ ಇನ್ನೊಬ್ಬ ವೈದ್ಯರನ್ನು ಕಾಣಿ. ಕೀಲು ಕೆಂಪಾಗಿ, ಬಿಸಿಯಾಗಿ ಊದಿ ಜ್ವರವೂ ಬಂದಿದ್ದರೆ ಮಾತ್ರ ಈ ಲೇಖನ ಓದುತ್ತಾ ಕೂರಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

2. ಲಿಗಮೆಂಟ್ ಹರಿದಿದ್ದರೆ ಯಾವುದೆಂದು ಕೇಳಿ

ಮಂಡಿಯ ಒಳಬದಿಯ ಲಿಗಮೆಂಟ್ ಸಾಮಾನ್ಯವಾಗಿ ಬೆಲ್ಟ್ ಮತ್ತು ವ್ಯಾಯಾಮದಿಂದಲೇ ಕೂಡಿಕೊಳ್ಳುತ್ತದೆ. ಕೀಲಿನ ನಡುವಿರುವ, ಎಸಿಎಲ್ ಎಂಬ ಲಿಗಮೆಂಟ್ ಪೂರ್ತಿ ತುಂಡಾದರೆ ಹಾಗೆ ಕೂಡುವುದು ಅಪರೂಪ. ತುದಿಗಳನ್ನು ಬರೀ ಹೊಲಿದರೂ ಹಲವು ಬಾರಿ ನಿಲ್ಲುವುದಿಲ್ಲ. ಹಾಗಾಗಿ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಬಳಿಯಿಂದಲೋ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ) ತೆಗೆದು, ಮೂಳೆಯಲ್ಲಿ ಕೊರೆದ ಸುರಂಗಗಳ ಮೂಲಕ ಹೊಸ ಲಿಗಮೆಂಟ್ ಕಟ್ಟುತ್ತಾರೆ. ಇದು ಎಲ್ಲರಿಗೂ ಬೇಕಿಲ್ಲ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂತೆ ಥಟ್ಟನೆ ತಿರುಗುವ ಆಟ ಆಡದವರು ಮೂರು ತಿಂಗಳು ಶ್ರದ್ಧೆಯಿಂದ ಫಿಸಿಯೊಥೆರಪಿ ಮಾಡಿ, ಆಮೇಲೂ ಕಾಲು ಕುಸಿಯುತ್ತಿದ್ದರೆ ಯೋಚಿಸಬಹುದು.

ಮಾಡಿಸುವುದೇ ಆದರೆ ಊತ ಇಳಿದು ಕಾಲು ಪೂರ್ತಿ ನೇರವಾಗುವವರೆಗೆ ಕಾಯಿರಿ. ಊದಿದ ಮಂಡಿಗೆ ಆತುರದಲ್ಲಿ ಕೈಹಾಕಿದರೆ ಅದು ಬಿಗಿದುಕೊಳ್ಳುವ ಅಪಾಯ ಹೆಚ್ಚು. ನಂತರದ ಕಾಲವೇ ಮೋಸದ್ದು. ಮೂರನೇ ತಿಂಗಳಿಗೆ ನೋವಿರುವುದಿಲ್ಲ, ಓಡಿಬಿಡೋಣ ಎನ್ನಿಸುತ್ತದೆ. ಒಳಗೆ ಹಾಕಿದ ರಜ್ಜುವಿಗೆ ಆಗಿನ್ನೂ ರಕ್ತನಾಳಗಳು ಬೆಳೆಯುತ್ತಿರುತ್ತವೆ, ಅದು ಇಟ್ಟ ದಿನಕ್ಕಿಂತಲೂ ದುರ್ಬಲವಾಗಿರಬಹುದು. ಒಂಬತ್ತು ತಿಂಗಳಿಗೆ ಮುಂಚೆ ಮೈದಾನಕ್ಕೆ ಇಳಿಯಬೇಡಿ.

3. ಮೆನಿಸ್ಕಸ್: ಹೊಲಿಗೆಯೋ, ಕತ್ತರಿಯೋ?

ಹೊರ ಅಂಚಿಗೆ ರಕ್ತ ಸಂಚಾರವಿದೆ, ಹೊಲಿದರೆ ಕೂಡಬಹುದು. ಒಳ ಅಂಚಿಗಿಲ್ಲ, ಅಲ್ಲಿ ಹರಿದ ಚೂರನ್ನು ಕತ್ತರಿಸುವುದೇ ಹೆಚ್ಚು. ಕತ್ತರಿಸಿಕೊಂಡವರು ಬೇಗ ನಡೆದಾಡುತ್ತಾರೆ, ಹೊಲಿಸಿಕೊಂಡವರು ಕೆಲವು ವಾರ ಊರುಗೋಲು ಹಿಡಿಯಬೇಕಾಗುತ್ತದೆ. ಆದರೂ ಹೊಲಿಯಲು ಸಾಧ್ಯವಿದ್ದರೆ ಹೊಲಿಸಿ. ಮೆತ್ತೆ ಕಳೆದುಕೊಂಡ ಮಂಡಿ ಬೇಗ ಸವೆಯುತ್ತದೆ. ಕಾಲು ಸಿಕ್ಕಿಕೊಂಡು ಬಿಡಿಸಿಕೊಳ್ಳದಿದ್ದರೆ ತಡಮಾಡಬೇಡಿ.

4. ಸವೆತಕ್ಕೆ ‘ತೊಳೆಯುವ’ ಆಪರೇಷನ್ ಒಲ್ಲೆ ಎನ್ನಿ

ಸಣ್ಣ ರಂಧ್ರದಿಂದ ಕೀಲನ್ನು ತೊಳೆದು ಸ್ವಚ್ಛಗೊಳಿಸುವ ಆರ್ಥ್ರೋಸ್ಕೊಪಿ ಕೇಳಲು ಚೆನ್ನಾಗಿದೆ. 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಕೆಲವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದಿದ್ದರು. ನಿಜವಾಗಿ ತೊಳೆಸಿಕೊಂಡವರಿಗೆ ಅವರಿಗಿಂತ ಹೆಚ್ಚಿನ ಆರಾಮವೇನೂ ಸಿಗಲಿಲ್ಲ.

ಮೊದಲು ತೊಡೆಗೆ ಬಲ ತುಂಬಿ, ತೂಕ ಇಳಿಸಿ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ತಗ್ಗುತ್ತದೆ. ಅದಕ್ಕೂ ಬಗ್ಗದಿದ್ದರೆ, ಕಾಲು ಬಿಲ್ಲಿನಂತೆ ಬಾಗಿ ಒಂದು ಬದಿ ಮಾತ್ರ ಸವೆದ ಕಿರಿಯರಿಗೆ ಮೂಳೆ ಕೊಯ್ದು ನೇರಗೊಳಿಸುವ ಆಸ್ಟಿಯಾಟಮಿ ಇದೆ. ವಯಸ್ಸಾದವರಿಗೆ ಆ ಬದಿಯನ್ನಷ್ಟೇ ಬದಲಿಸಬಹುದು. ಎಲ್ಲೆಡೆ ಸವೆದಿದ್ದರೆ ಪೂರ್ತಿ ಬದಲಾವಣೆ. (‘ಮಂಡಿಚಿಪ್ಪು ಬದಲಾವಣೆ’ ಎಂಬ ರೂಢಿಯ ಮಾತು ತಪ್ಪು. ಬದಲಾಗುವುದು ಮುಖ್ಯವಾಗಿ ತೊಡೆಮೂಳೆ ಮತ್ತು ಕಣಕಾಲು ಮೂಳೆಗಳ ಸವೆದ ತುದಿಗಳು.) ಹತ್ತರಲ್ಲಿ ಸುಮಾರು ಎಂಟು ಕೃತಕ ಮಂಡಿಗಳು 25 ವರ್ಷ ಬಾಳುತ್ತವೆ. ಹಾಗಿದ್ದೂ ಸುಮಾರು ಐವರಲ್ಲಿ ಒಬ್ಬರಿಗೆ ಪೂರ್ತಿ ಸಮಾಧಾನ ಇರುವುದಿಲ್ಲ. ನೋವಿನಿಂದ ರಾತ್ರಿ ನಿದ್ದೆ ಕೆಟ್ಟು, ನಡೆಯುವ ದೂರ ದಿನೇದಿನೇ ಕಿರಿದಾಗುತ್ತಿದ್ದರೆ ಅದು ಸರಿಯಾದ ಸಮಯ.

5. ಮುಂಚೆ ಮತ್ತು ನಂತರ

ಧೂಮಪಾನ ಬಿಡಿ, ಸಕ್ಕರೆ ಹತೋಟಿಗೆ ತನ್ನಿ, ಹಲ್ಲಿನ ಸೋಂಕಿದ್ದರೆ ಗುಣಪಡಿಸಿಕೊಳ್ಳಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ. ಆಪರೇಷನ್ ಆದ ಮೇಲೆ ಮೀನಖಂಡ ಊದಿದರೆ ಅಥವಾ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಮನೆಗೆ ಬಂದ ಮೇಲೆ ಮಂಡಿಯ ಕೆಳಗೆ ದಿಂಬಿಡಬೇಡಿ. ಹಾಯೆನಿಸುತ್ತದೆ ನಿಜ, ಆದರೆ ಕಾಲು ಬಾಗಿಯೇ ಉಳಿಯುತ್ತದೆ. ದಿಂಬು ಹಿಮ್ಮಡಿಯ ಕೆಳಗಿರಲಿ.