ನಿಮ್ಮ ತಂಡಕ್ಕೆ ಒಗ್ಗುವ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಆರಿಸುವುದು ಹೇಗೆ?

ಮೈಸೂರಿನ ಹದಿನಾಲ್ಕು ಜನರ ಒಂದು ಒಳಾಂಗಣ ವಿನ್ಯಾಸ ಸಂಸ್ಥೆಯನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ನಗರದೊಳಗೊಂದು ಕಚೇರಿ, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಮರಗೆಲಸದ ಶೆಡ್, ಏಕಕಾಲಕ್ಕೆ ಆರೇಳು ಮನೆಗಳಲ್ಲಿ ಕೆಲಸ. ಯಾವ ಮನೆಗೆ ಎಷ್ಟು ಪ್ಲೈವುಡ್ ಹೋಯಿತು, ಅಡುಗೆಮನೆಯ ನಕ್ಷೆಗೆ ಗ್ರಾಹಕರು ಒಪ್ಪಿದರೋ ಇಲ್ಲವೋ, ಎಲೆಕ್ಟ್ರಿಷಿಯನ್ ಯಾವ ದಿನ ಬರುತ್ತಾರೆ ಎಂಬ ಮಾಹಿತಿಯೆಲ್ಲ ಒಂದಷ್ಟು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಇನ್ನಷ್ಟು ಮಾಲೀಕರ ಡೈರಿಯಲ್ಲಿ, ಉಳಿದದ್ದು ಮೇಸ್ತ್ರಿಯ ನೆನಪಿನಲ್ಲಿ ಹಂಚಿಹೋಗಿರುತ್ತದೆ. ಇಂಥ ತಂಡಗಳ ಜೊತೆ ಕೆಲವು ವರ್ಷ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಇದನ್ನೆಲ್ಲ ಒಂದೇ ಕಡೆ ತರಲೆಂದು ಕೊಂಡ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಆರು ತಿಂಗಳಲ್ಲಿ ಮೂಲೆ ಸೇರುವುದಕ್ಕೆ ಅದರ ದೋಷಕ್ಕಿಂತ ಹೆಚ್ಚಾಗಿ ಆಯ್ಕೆಯ ಕ್ರಮವೇ ಕಾರಣ. ಮೊದಲು ಸಾಫ್ಟ್‌ವೇರ್ ನೋಡಿ, ಆಮೇಲೆ ತಮ್ಮ ಕೆಲಸವನ್ನು ಅದರೊಳಗೆ ತುರುಕಲು ಹೊರಡುತ್ತಾರೆ.

ಆದ್ದರಿಂದ ಮೊದಲ ಹೆಜ್ಜೆಯನ್ನು ಕಂಪ್ಯೂಟರ್ ಮುಟ್ಟದೆ ಇಡಬೇಕು. ಇತ್ತೀಚೆಗೆ ಮುಗಿದ ಮೂರು ಕೆಲಸಗಳನ್ನು ಆರಿಸಿಕೊಂಡು, ವಿನ್ಯಾಸಗಾರರು, ಸೈಟ್ ಮೇಲ್ವಿಚಾರಕರು, ಲೆಕ್ಕಪತ್ರ ನೋಡುವವರು ಮತ್ತು ಶೆಡ್ಡಿನ ಮೇಸ್ತ್ರಿ ಅರ್ಧ ದಿನ ಒಟ್ಟಿಗೆ ಕುಳಿತು, ಗ್ರಾಹಕರ ಮೊದಲ ಫೋನ್ ಕರೆಯಿಂದ ಕೊನೆಯ ಬಿಲ್ಲಿನವರೆಗೆ ಕೆಲಸ ಯಾರ ಕೈಯಿಂದ ಯಾರ ಕೈಗೆ ಸಾಗಿತು, ಎಲ್ಲಿ ಎಷ್ಟು ದಿನ ನಿಂತಿತು ಎಂಬುದನ್ನು ದೊಡ್ಡ ಹಾಳೆಯ ಮೇಲೆ ಬರೆಯಬೇಕು. ನಮ್ಮ ಉದಾಹರಣೆಯ ಸಂಸ್ಥೆಯಲ್ಲಿ ಕೆಲಸ ನಿಲ್ಲುವುದು ಎರಡೇ ಕಡೆ: ಗ್ರಾಹಕರ ಒಪ್ಪಿಗೆಗೆ ಕಾಯುವಾಗ ಮತ್ತು ಸಾಮಗ್ರಿ ಬರುವುದಕ್ಕೆ ಕಾಯುವಾಗ. ಹಾಗಿದ್ದರೆ ಅವರಿಗೆ ಬೇಕಾದದ್ದು ‘ಯಾರು ಯಾರಿಗಾಗಿ ಕಾಯುತ್ತಿದ್ದಾರೆ’ ಎಂಬುದನ್ನು ಒಂದೇ ನೋಟಕ್ಕೆ ತೋರಿಸುವ ಸಾಧನ. ತಾಸುಗಳ ಲೆಕ್ಕ ಇಡುವ ಟೈಮ್‌ಶೀಟ್ ಎಷ್ಟೇ ಚೆನ್ನಾಗಿದ್ದರೂ ಅವರ ಪಾಲಿಗೆ ಅದು ಹೆಚ್ಚುವರಿ ಹೊರೆ.

ಎರಡನೆಯದಾಗಿ, ಈ ಹಾಳೆಯನ್ನು ನೋಡಿಯೇ ಕೆಲಸದ ಸ್ವರೂಪವನ್ನು ಗುರುತಿಸಬೇಕು. ಇಂದಿನ ಸಾಫ್ಟ್‌ವೇರ್‌ಗಳ ಪರದೆಯಲ್ಲಿ ಕಾಣುವ ಮಾದರಿಗಳು ಕಾರ್ಖಾನೆಗಳಲ್ಲಿ ಹುಟ್ಟಿದಂಥವು. ಯಾವ ಕೆಲಸ ಯಾವ ದಿನದಿಂದ ಯಾವ ದಿನದವರೆಗೆ ಎಂದು ಅಡ್ಡಪಟ್ಟಿಗಳಲ್ಲಿ ತೋರಿಸುವ ನಕ್ಷೆಗೆ, 1910ರ ದಶಕದಲ್ಲಿ ಅದನ್ನು ಬಳಕೆಗೆ ತಂದ ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ ಅವರ ಹೆಸರೇ ನಿಂತಿದೆ. ಕಾರ್ಡುಗಳನ್ನು ‘ಮಾಡಬೇಕಾದದ್ದು’, ‘ನಡೆಯುತ್ತಿರುವುದು’, ‘ಮುಗಿದದ್ದು’ ಎಂಬ ಕಂಬಗಳಲ್ಲಿ ಸರಿಸುತ್ತ ಹೋಗುವ ಕಾನ್‌ಬಾನ್ ಪದ್ಧತಿಯ ಮೂಲ ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತೈಯಿಚಿ ಓನೊ ರೂಢಿಸಿದ ಕ್ರಮದಲ್ಲಿದೆ. ಒಂದು ಕೆಲಸ ಮುಗಿಯದೆ ಇನ್ನೊಂದನ್ನು ಆರಂಭಿಸಲಾಗದು ಎಂಬ ಸ್ಥಿತಿ ಇದ್ದಲ್ಲಿ ಗ್ಯಾಂಟ್ ನಕ್ಷೆ ಬೇಕೇ ಬೇಕು. ವೈರಿಂಗ್ ಆಗದೆ ಫಾಲ್ಸ್ ಸೀಲಿಂಗ್ ಮುಚ್ಚಲಾಗದು, ಆದ್ದರಿಂದ ನಮ್ಮ ಸಂಸ್ಥೆಗೆ ಅದು ಅಗತ್ಯ. ಬಿಡಿಬಿಡಿ ಕೆಲಸಗಳು ಒಂದರ ಹಿಂದೊಂದು ಬಂದು ಹೋಗುವ ಜಾಹೀರಾತು ಅಥವಾ ಅನುವಾದ ತಂಡಕ್ಕೆ ಕಾರ್ಡುಗಳ ಬೋರ್ಡೇ ಸಾಕು.

ಇದಾದ ಬಳಿಕವೇ ಹೆಸರುಗಳ ಪಟ್ಟಿ, ಅದೂ ಮೂರನ್ನು ಮೀರದಂತೆ. 2011ರಲ್ಲಿ ಆರಂಭವಾದ ಟ್ರೆಲ್ಲೊ ಕಾರ್ಡುಗಳ ಬೋರ್ಡಿಗೆ ಹೆಸರುವಾಸಿ. ಅರ್ಧ ಗಂಟೆಯಲ್ಲಿ ಕಲಿಯಬಹುದು, ಆದರೆ ಒಂದು ಕೆಲಸ ಇನ್ನೊಂದನ್ನು ಅವಲಂಬಿಸಿರುವುದನ್ನು ತೋರಿಸುವುದು ಅದರ ಮೂಲ ಸ್ವಭಾವವಲ್ಲ. ಚೆನ್ನೈ ಮೂಲದ ಜೋಹೊ ಕಂಪನಿಯ ಜೋಹೊ ಪ್ರಾಜೆಕ್ಟ್ಸ್‌ನಲ್ಲಿ ಗ್ಯಾಂಟ್ ನಕ್ಷೆ, ಅವಲಂಬನೆ ಎರಡೂ ಇವೆ. ಮುಂಬೈಯ ಫ್ರಾಪೆ ಕಂಪನಿ ರೂಪಿಸಿದ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶವಾಗಿದ್ದು, ಕೆಲಸದ ಪಟ್ಟಿಯ ಜೊತೆಗೆ ದಾಸ್ತಾನು, ಖರೀದಿ, ಲೆಕ್ಕಪತ್ರಗಳನ್ನೂ ಒಂದೇ ಕಡೆ ತರುತ್ತದೆ. ಆದರೆ ಅದನ್ನು ನೋಡಿಕೊಳ್ಳಲು ತಿಳಿದವರೊಬ್ಬರು ಬೇಕು. ಇನ್ನು ಜಿರಾ ಎಂಬುದು ಸಾಫ್ಟ್‌ವೇರ್ ಬರೆಯುವ ತಂಡಗಳಿಗೆಂದು ಬೆಳೆದದ್ದು. ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ಬಂಧುಗಳು ಬಳಸುತ್ತಾರೆ ಎಂಬ ಒಂದೇ ಕಾರಣಕ್ಕೆ ಅದನ್ನು ಮರಗೆಲಸದ ಶೆಡ್ಡಿಗೆ ತರುವುದು ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಂದಿನ ಹೆಜ್ಜೆಯನ್ನು ನಮ್ಮಲ್ಲಿ ಬಹುತೇಕರು ಬಿಟ್ಟೇಬಿಡುತ್ತಾರೆ: ಕನ್ನಡದ ಪರೀಕ್ಷೆ. ಸೈಟಿನಲ್ಲಿರುವ ಮೇಲ್ವಿಚಾರಕರು ಫೋನಿನಲ್ಲಿ ಕನ್ನಡದಲ್ಲಿಯೇ ಬರೆಯುವವರಾದರೆ, ಮಾರಾಟ ಪ್ರತಿನಿಧಿಯ ಡೆಮೊ ನೋಡಿ ತೀರ್ಮಾನಿಸುವಂತಿಲ್ಲ. ‘ಪೂರ್ವ ದಿಕ್ಕಿನ ಕೋಣೆಯ ವಾರ್ಡ್‌ರೋಬ್‌ಗೆ ಲ್ಯಾಮಿನೇಟ್ ಅಂಟಿಸಿದೆ’ ಎಂಬಂಥ ಒತ್ತಕ್ಷರ, ಅರ್ಕಾವತ್ತುಗಳಿರುವ ವಾಕ್ಯವನ್ನು ಸಾಧಾರಣ ಬೆಲೆಯ ಆಂಡ್ರಾಯ್ಡ್ ಫೋನಿನಿಂದ ಬರೆದು, ನಾಲ್ಕು ಕಡೆ ನೋಡಬೇಕು. ಪರದೆಯ ಮೇಲೆ ಸಾಮಾನ್ಯವಾಗಿ ಸರಿಯಾಗಿಯೇ ಕಾಣುತ್ತದೆ. ತೊಡಕು ಬರುವುದು ವರದಿಯನ್ನು ಪಿಡಿಎಫ್ ಆಗಿ ಇಳಿಸಿಕೊಂಡಾಗ. ಕೆಲವು ಕಡೆ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗುತ್ತವೆ, ಇಲ್ಲವೇ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ. ಪಟ್ಟಿಯನ್ನು ಸರಳ ಪಠ್ಯವಾಗಿ ಇಳಿಸಿಕೊಡುವ ಸಿಎಸ್‌ವಿ ಕಡತವನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡವೆಲ್ಲ ವಿಚಿತ್ರ ಚಿಹ್ನೆಗಳಾಗಿ ಕಾಣಬಹುದು. ಅಕ್ಷರ ಸಂಕೇತದ ಕ್ರಮವನ್ನು ಯುಟಿಎಫ್-8 ಎಂದು ಆರಿಸಿ ಅದನ್ನು ಇಂಪೋರ್ಟ್ ಮಾಡಿಕೊಂಡರೆ ಸರಿಹೋಗುತ್ತದೆ. ಕೊನೆಯದು ಹುಡುಕಾಟ. ‘ವಾರ್ಡ್‌ರೋಬ್’ ಪದದಲ್ಲಿ ‘ಡ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಸಂಕೇತವಿರುತ್ತದೆ. ಒಬ್ಬರ ಕೀಬೋರ್ಡ್ ಅದನ್ನು ಸೇರಿಸಿ ಇನ್ನೊಬ್ಬರದು ಸೇರಿಸದಿದ್ದರೆ, ಒಬ್ಬರು ಬರೆದದ್ದು ಇನ್ನೊಬ್ಬರ ಹುಡುಕಾಟಕ್ಕೆ ಸಿಗದೆ ಹೋಗಬಹುದು. ಈ ಪರೀಕ್ಷೆಗೆ ಒಂದು ಗಂಟೆ ಸಾಕು, ಮತ್ತು ಅದನ್ನು ಮೇಸ್ತ್ರಿಯ ಕೈಯಿಂದಲೇ ಮಾಡಿಸಬೇಕು. ಅವರು ಬಳಸಲಾಗದ ಸಾಫ್ಟ್‌ವೇರಿನಲ್ಲಿ ಸೈಟಿನ ಸುದ್ದಿ ಎಂದಿಗೂ ಸೇರುವುದಿಲ್ಲ.

ಬೆಲೆಯ ಲೆಕ್ಕವನ್ನು ವರ್ಷಕ್ಕೆ ಹಾಕಬೇಕು, ತಿಂಗಳಿಗಲ್ಲ. ತಲೆಗೆ ತಿಂಗಳಿಗೆ 500 ರೂಪಾಯಿ ಎಂದು ಊಹಿಸಿದರೆ 14 ಜನರಿಗೆ ವರ್ಷಕ್ಕೆ 84,000 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿ 99,120 ರೂಪಾಯಿ. ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇದ್ದರೆ ಆ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಹೊಂದಿಸಿಕೊಳ್ಳಬಹುದು. ಸಣ್ಣ ಉದ್ದಿಮೆಗಳಿಗೆಂದಿರುವ ಸರಳ ಜಿಎಸ್‌ಟಿ ವ್ಯವಸ್ಥೆಯಾದ ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಆ ಅವಕಾಶವಿಲ್ಲ. ಡಾಲರ್ ಲೆಕ್ಕದಲ್ಲಿ ಬಿಲ್ ಮಾಡುವ ವಿದೇಶಿ ಕಂಪನಿಯಾದರೆ ವಿನಿಮಯ ದರ ಏರಿದಂತೆ ವೆಚ್ಚವೂ ಏರುತ್ತದೆ. ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುವ ವ್ಯವಸ್ಥೆಗೆ, 15,000 ರೂಪಾಯಿ ಮೀರಿದ ಪ್ರತಿ ಪಾವತಿಗೂ ಹೆಚ್ಚುವರಿ ದೃಢೀಕರಣ ಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ ಅನ್ವಯಿಸುತ್ತದೆ. ಆ ಸಂದೇಶ ಯಾರ ಫೋನಿಗೆ ಬರುತ್ತದೆ ಎಂಬುದನ್ನು ಮೊದಲೇ ನಿಶ್ಚಯಿಸದಿದ್ದರೆ ನವೀಕರಣದ ದಿನ ಇಡೀ ತಂಡದ ಲಾಗಿನ್ ನಿಲ್ಲಬಹುದು. ಉಚಿತ ಪ್ಲ್ಯಾನ್‌ಗಳನ್ನು ನಂಬಿ ಆರಂಭಿಸುವವರು ತಲೆಎಣಿಕೆಯ ಮಿತಿಯನ್ನು ಗಮನಿಸಬೇಕು. ಜಿರಾ ಮತ್ತು ಟ್ರೆಲ್ಲೊ ಎರಡರಲ್ಲೂ ಈ ಮಿತಿ 10 ಜನ; ಹದಿನಾಲ್ಕು ಜನರ ತಂಡ ಅಲ್ಲಿ ಹಿಡಿಸುವುದಿಲ್ಲ.

ಒಳಗೆ ಹೋಗುವ ಮುನ್ನ ಹೊರಬರುವ ಬಾಗಿಲನ್ನೂ ನೋಡಿಕೊಳ್ಳಬೇಕು. ಜನಪ್ರಿಯವಾಗಿದ್ದ ವಂಡರ್‌ಲಿಸ್ಟ್ ಎಂಬ ಕೆಲಸಪಟ್ಟಿಯ ಆ್ಯಪನ್ನು 2015ರಲ್ಲಿ ಕೊಂಡ ಮೈಕ್ರೊಸಾಫ್ಟ್, 2020ರ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿತು. ಜಿರಾ ತಯಾರಿಸುವ ಅಟ್ಲಾಸಿಯನ್, ಗ್ರಾಹಕರು ತಮ್ಮದೇ ಯಂತ್ರಗಳಲ್ಲಿ ಇಟ್ಟುಕೊಳ್ಳುತ್ತಿದ್ದ ಸರ್ವರ್ ಆವೃತ್ತಿಗೆ 2024ರ ಫೆಬ್ರುವರಿಯಲ್ಲಿ ಬೆಂಬಲ ಕೊನೆಗೊಳಿಸಿತು. ಆದ್ದರಿಂದ ಪ್ರಯೋಗದ ಅವಧಿಯಲ್ಲಿಯೇ ಒಮ್ಮೆ ಎಲ್ಲ ಮಾಹಿತಿಯನ್ನು ಇಳಿಸಿಕೊಂಡು, ಫೋಟೊ, ಟಿಪ್ಪಣಿ, ದಿನಾಂಕಗಳು ಬಂದಿವೆಯೇ ಎಂದು ತೆರೆದು ನೋಡಬೇಕು. ಟ್ರೆಲ್ಲೊದ ಉಚಿತ ಪ್ಲ್ಯಾನಿನಲ್ಲಿ ಸಿಗುವುದು ಜೇಸನ್ ಎಂಬ ರೂಪದ ಕಡತ ಮಾತ್ರ, ಸಾಮಾನ್ಯ ಬಳಕೆದಾರರು ಅದನ್ನು ಓದಲಾರರು. ಗ್ರಾಹಕರ ವಿಳಾಸ, ಫೋನ್ ಸಂಖ್ಯೆ, ಮನೆಯ ನಕ್ಷೆಗಳನ್ನು ಯಾವ ಕಂಪನಿಯ ಕ್ಲೌಡಿನಲ್ಲಿ ಇಟ್ಟರೂ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವುಗಳ ಹೊಣೆ ನಿಮ್ಮ ಸಂಸ್ಥೆಯದೇ. ಹೊರಗಿನ ಗುತ್ತಿಗೆದಾರರಿಗೆ ಅವರ ಕೆಲಸವಷ್ಟೇ ಕಾಣುವಂತೆ ಮಾಡಲು ಸಾಧ್ಯವೇ ಎಂಬುದನ್ನು ಈ ಹಂತದಲ್ಲಿಯೇ ಪರೀಕ್ಷಿಸಬೇಕು.

ಕೊನೆಗೆ ಪ್ರಯೋಗ. ಹೊಸದಾಗಿ ಒಪ್ಪಿಕೊಂಡ ಒಂದೇ ಮನೆಯನ್ನು ಆರಿಸಿಕೊಂಡು, ನಾಲ್ಕು ವಾರ ಅದರ ಎಲ್ಲ ಸೂಚನೆಗಳೂ ಸಾಫ್ಟ್‌ವೇರ್ ಮೂಲಕವೇ ಹೋಗಲಿ. ಆ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗ್ರಾಹಕರ ಜೊತೆಗಿನ ಮಾತು ಮುಂದುವರಿಯಬಹುದು, ಆದರೆ ‘ನಾಳೆ ಇದನ್ನು ಮಾಡಿ’ ಎಂಬ ಆದೇಶ ಅಲ್ಲಿ ಬರಕೂಡದು. ಈ ನಿಯಮವನ್ನು ಮೊದಲು ಮುರಿಯುವವರು ಸಾಮಾನ್ಯವಾಗಿ ಮಾಲೀಕರೇ. ಅವರು ಪಾಲಿಸಿದರೆ ಉಳಿದವರೂ ಪಾಲಿಸುತ್ತಾರೆ. ಪ್ರತಿ ಶನಿವಾರ ಸಂಜೆ ಎರಡು ಪ್ರಶ್ನೆಗಳ ಉತ್ತರವನ್ನು ಬರೆದಿಡಬೇಕು: ಈ ವಾರ ಎಷ್ಟು ಬಾರಿ ಫೋನ್ ಮಾಡಿ ‘ಆ ಕೆಲಸ ಎಲ್ಲಿಗೆ ಬಂತು’ ಎಂದು ಕೇಳಬೇಕಾಯಿತು? ತಾವಾಗಿಯೇ ಮಾಹಿತಿ ತುಂಬಿಸಿದವರು ಎಷ್ಟು ಜನ? ನಾಲ್ಕನೆಯ ವಾರಕ್ಕೆ ಮೊದಲ ಸಂಖ್ಯೆ ಇಳಿದು ಎರಡನೆಯದು ಏರಿದ್ದರೆ ವಾರ್ಷಿಕ ಪ್ಲ್ಯಾನಿಗೆ ಹಣ ಕಟ್ಟಬಹುದು. ಇಲ್ಲವಾದರೆ ಪಟ್ಟಿಯ ಎರಡನೆಯ ಹೆಸರನ್ನು ಮುಂದಿನ ಮನೆಗೆ ಪ್ರಯತ್ನಿಸಬೇಕು. ಆಯ್ಕೆ ಆದ ಮೇಲೂ, ಅರ್ಧಕ್ಕೆ ಬಂದಿರುವ ಹಳೆಯ ಮನೆಗಳ ಕೆಲಸವನ್ನು ಹೊಸ ಸಾಫ್ಟ್‌ವೇರಿಗೆ ಎಳೆದು ತರದೆ ಅವನ್ನು ಡೈರಿಯಲ್ಲಿಯೇ ಮುಗಿಸಿ, ಹೊಸ ಕೆಲಸಗಳನ್ನು ಮಾತ್ರ ಇಲ್ಲಿ ಆರಂಭಿಸುವುದು ಒಳ್ಳೆಯದು.